ಬ್ರೇಕ್ ಕೆಲಸ ಆದ ಮೇಲೆ ಎಬಿಎಸ್ ಲೈಟ್, ಜೊತೆಗೆ ಕೆಂಪು ಲೈಟೂ ಹತ್ತುತ್ತಿದೆ: ಎಲ್ಲಿಂದ ನೋಡಬೇಕು?

ಟಿಳಕವಾಡಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಳೆದ ವಾರ ಮುಂದಿನ ಪ್ಯಾಡ್, ಹಿಂದಿನ ಲೈನರ್ ಎರಡೂ ಹೊಸದು ಹಾಕಿಸಿದೆ. ಮನೆ ಹತ್ತಿರದ ಗ್ಯಾರೇಜು, ಹೆಸರು ಇಲ್ಲಿ ಬೇಡ. ಗಾಡಿ ಮನೆಗೆ ತರುವಾಗ ಎಲ್ಲ ಸರಿ ಇತ್ತು. ಮರುದಿನದಿಂದ ಎರಡು ತೊಂದರೆ ಶುರುವಾಗಿವೆ.

ಮೊದಲನೆಯದು ಹಳದಿ ಎಬಿಎಸ್ ಲೈಟ್, ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯದು. ನೇರ ರಸ್ತೆಯಲ್ಲಿ ಬರುವುದಿಲ್ಲ. ಆರ್‌ಪಿಡಿ ಕ್ರಾಸ್ ಹತ್ತಿರ ಯೂ ಟರ್ನ್ ಹೊಡೆದರೆ, ಇಲ್ಲವೇ ಮನೆ ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಹತ್ತುತ್ತದೆ. ಒಮ್ಮೆ ಹತ್ತಿದರೆ ಆರುವುದಿಲ್ಲ. ಕೀ ತೆಗೆದು ಮತ್ತೆ ಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಮುಂದಿನ ದೊಡ್ಡ ತಿರುವಿನಲ್ಲಿ ಮತ್ತೆ ಹಾಜರು.

ಎರಡನೆಯದು ಕೆಂಪು ಲೈಟ್, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತದಲ್ಲ, ಅದು. ಇದು ಮೂರನೇ ರೈಲ್ವೆ ಗೇಟ್ ಬ್ರಿಡ್ಜ್ ಇಳಿಯುವಾಗ ಬ್ರೇಕ್ ಒತ್ತಿದರೆ ಮಿನುಗುತ್ತದೆ. ಸಮತಟ್ಟಿಗೆ ಬಂದ ಕೂಡಲೇ ಆರುತ್ತದೆ. ಬ್ರೇಕ್ ಹಿಡಿಯುತ್ತಿದೆ. ಪೆಡಲ್ ಮಾತ್ರ ಮೊದಲಿಗಿಂತ ಸ್ವಲ್ಪ ಕೆಳಗೆ ಹೋದ ಹಾಗೆ ಅನಿಸುತ್ತದೆ, ಖಾತ್ರಿ ಇಲ್ಲ.

ಗ್ಯಾರೇಜಿನವರು "ಹೊಸ ಲೈನರ್ ರೀ, ಸೆಟ್ ಆಗ್ತಾವ, ಲೈಟ್ ತಾನ ಹೋಗ್ತದ" ಅಂದರು. ಮುಂದಿನ ವಾರ ಮನೆಯವರನ್ನೆಲ್ಲ ಕರೆದುಕೊಂಡು ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋಗುವುದಿದೆ. ಹೋಗಬಹುದಾ?

ಅನಗೋಳದ ಗೆಳೆಯ

ಬ್ಯಾಟರಿಯ ಮೈನಸ್ ಟರ್ಮಿನಲ್ ಹತ್ತು ನಿಮಿಷ ತೆಗೆದು ಹಾಕಿ ನೋಡಿ. ನಮ್ಮ ಕಾಕಾನ ಗಾಡಿಯಲ್ಲಿ ಹಾಗೇ ಹೋಗಿತ್ತು. ಎಬಿಎಸ್ ಇಲ್ಲದಿದ್ದರೂ ಬ್ರೇಕ್ ಬೀಳುತ್ತದೆ, ಹಳೇ ಗಾಡಿಗಳಲ್ಲಿ ಎಲ್ಲಿ ಇತ್ತು?

ಹಳೇ ಫಿಟ್ಟರ್, ಉದ್ಯಮಬಾಗ್

ಟರ್ಮಿನಲ್ ತೆಗೆಯಬೇಡಿ. ಲೈಟ್ ಆರಿಸುವುದು ಬೇರೆ, ತೊಂದರೆ ತೆಗೆಯುವುದು ಬೇರೆ. ಇವರ ಗಾಡಿಯಲ್ಲಿ ಲೈಟ್ ಯಾವಾಗ ಹತ್ತುತ್ತದೆ ಅನ್ನುವುದೇ ನಮಗಿರುವ ಒಳ್ಳೆಯ ಸುಳಿವು. ಅದನ್ನು ಯಾಕೆ ಕಳೆದುಕೊಳ್ಳಬೇಕು?

ಸವಾರ ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ ಅಂತ ನನ್ನ ಅನಿಸಿಕೆ. ಹಳದಿ ಲೈಟ್ ಸ್ಟೇರಿಂಗ್ ತಿರುಗಿಸಿದಾಗ ಬರುತ್ತದೆ. ಕೆಂಪು ಲೈಟ್ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಬರುತ್ತದೆ. ಒಂದೇ ಕಾರಣ ಇದ್ದಿದ್ದರೆ ಎರಡೂ ಒಟ್ಟಿಗೆ ಹತ್ತಬೇಕಿತ್ತು.

ಹಳದಿ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಜೋರಾಗಿ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಭಾಗ ಮಾತ್ರ ಬಂದ್ ಆಗಿರುತ್ತದೆ. ಕೆಂಪು ಬಂದರೆ ಹ್ಯಾಂಡ್ ಬ್ರೇಕ್ ಎತ್ತಿದೆ, ಇಲ್ಲವೇ ಬ್ರೇಕ್ ಆಯಿಲ್ ಕಡಿಮೆ ಆಗಿದೆ. ಹಳದಿ ಮತ್ತು ಕೆಂಪು ಎರಡೂ ಒಟ್ಟಿಗೆ ಹತ್ತಿ ಹಾಗೇ ನಿಂತರೆ ಇಬಿಡಿ ಕೂಡ ಹೋಗಿದೆ ಅಂತ ಬಹಳಷ್ಟು ಕಾರುಗಳಲ್ಲಿ ಲೆಕ್ಕ. ಮುಂದಿನ ಗಾಲಿಗೆ ಎಷ್ಟು ಒತ್ತಡ, ಹಿಂದಿನದಕ್ಕೆ ಎಷ್ಟು ಅಂತ ಹಂಚುವುದು ಇಬಿಡಿ. ಅದು ಇಲ್ಲದಿದ್ದರೆ ಜೋರು ಬ್ರೇಕಿಗೆ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಗಾಡಿ ತಿರುಗಿ ನಿಲ್ಲಬಹುದು. ಮಳೆಯಲ್ಲಿ ಇದು ಚಿಕ್ಕ ಮಾತಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಎಲ್ಲಿದೆ, ಬಣ್ಣ ಹೇಗಿದೆ ಹೇಳಿ. ಮುಚ್ಚಳ ತೆಗೆಯಬೇಡಿ, ಆಯಿಲ್ ಹಾಕಬೇಡಿ. ಆಮೇಲೆ ಕೀ ಆನ್ ಮಾಡಿದಾಗ ಎರಡೂ ಲೈಟ್ ಹತ್ತಿ ಆರುತ್ತವೆಯೇ ನೋಡಿ. ಎಬಿಎಸ್ ಲೈಟ್ ಮೂರು ಸೆಕೆಂಡಿನ ಆಸುಪಾಸು ಹತ್ತಿ ಆರಬೇಕು.

ಟಿಳಕವಾಡಿ ಸವಾರ

ನೋಡಿದೆ ಅಣ್ಣಾ. ಕೀ ಆನ್ ಮಾಡಿದಾಗ ಎರಡೂ ಹತ್ತಿ ಎಬಿಎಸ್ ಆರುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದರೆ ಕೆಂಪೂ ಆರುತ್ತದೆ. ಆಯಿಲ್ ಕನಿಷ್ಠ ಗೆರೆಗೆ ಹೆಚ್ಚುಕಡಿಮೆ ತಾಗಿಕೊಂಡಿದೆ. ಬಣ್ಣ ಸ್ವಲ್ಪ ಚಹಾ ಬಣ್ಣ. ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಟಾಪ್ ಅಪ್ ಅಂತ ಬರೆದಿದ್ದಾರೆ.

ಜಾಂಬೋಟಿ ರಸ್ತೆ

ನಾನು ಆ ರಸ್ತೆಯಲ್ಲೇ ದಿನಾ ಓಡಾಡುವವನು. ಕಣಕುಂಬಿ ದಾಟಿದ ಮೇಲೆ ಇಳಿಜಾರು, ಮಂಜು, ಎದುರಿಗೆ ಲಾರಿ. ಬ್ರೇಕಿನ ಮೇಲೆ ಅನುಮಾನ ಇಟ್ಟುಕೊಂಡು ದಯವಿಟ್ಟು ಇಳಿಯಬೇಡಿ. ಬುಕಿಂಗ್ ಹೋದರೆ ಹೋಗಲಿ.

ಕೆಂಪು ಲೈಟಿಗೆ ಹ್ಯಾಂಡ್ ಬ್ರೇಕಿನ ಸ್ವಿಚ್ ಕೂಡ ಕಾರಣ ಇರಬಹುದು. ಲೈನರ್ ಹಾಕುವಾಗ ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಬಿಟ್ಟು ಮತ್ತೆ ಬಿಗಿ ಮಾಡುತ್ತಾರೆ. ಲಿವರ್ ಪೂರ್ತಿ ಕೆಳಗೆ ಕೂರದಿದ್ದರೆ ಅಡಿಯಲ್ಲಿರುವ ಸಣ್ಣ ಸ್ವಿಚ್ ಒತ್ತುವುದಿಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಲೈಟ್ ಮಿನುಗುತ್ತದೆ. ನನ್ನ ಗಾಡಿಯಲ್ಲಿ ಆಗಿತ್ತು.

ಟಿಳಕವಾಡಿ ಸವಾರ

ಅದನ್ನೂ ನೋಡಿದೆ ಸರ್. ಎಂಜಿನ್ ಚಾಲೂ ಇಟ್ಟು ಲಿವರ್ ಕೆಳಗೆ ಒತ್ತಿ, ಅಲ್ಲಾಡಿಸಿ ನೋಡಿದೆ. ಲೈಟ್ ಕದಲಲಿಲ್ಲ. ಗುಂಡಿ, ಹಂಪ್‌ಗಳಲ್ಲೂ ಬರುವುದಿಲ್ಲ. ಇಳಿಜಾರು ಮತ್ತು ಬ್ರೇಕ್ ಎರಡೂ ಸೇರಿದಾಗ ಮಾತ್ರ.

ಹಳೇ ಫಿಟ್ಟರ್, ಉದ್ಯಮಬಾಗ್

ಹಾಗಾದರೆ ಹ್ಯಾಂಡ್ ಬ್ರೇಕ್ ಬಿಟ್ಟುಬಿಡಿ. ಇದು ಆಯಿಲಿನದ್ದೇ.

ಡಬ್ಬಿಯೊಳಗೆ ಒಂದು ತೇಲುವ ಬಿರಡೆ ಇರುತ್ತದೆ, ಅದರಲ್ಲಿ ಆಯಸ್ಕಾಂತ. ಮಟ್ಟ ಇಳಿದರೆ ಬಿರಡೆ ಕೆಳಗೆ ಬಂದು ಸ್ವಿಚ್ ಕೂಡಿಸುತ್ತದೆ, ಲೈಟ್ ಹತ್ತುತ್ತದೆ. ನಿಮ್ಮ ಮಟ್ಟ ಅಂಚಿನಲ್ಲಿದೆ. ಮುಂದಕ್ಕೆ ಬಾಗಿದ ಗಾಡಿಯಲ್ಲಿ ಬ್ರೇಕ್ ಒತ್ತಿದರೆ ಆಯಿಲ್ ಮುಂದಕ್ಕೆ ಓಡುತ್ತದೆ, ಬಿರಡೆ ಇಳಿಯುತ್ತದೆ. ಸಮತಟ್ಟಿಗೆ ಬಂದರೆ ಸರಿ. ನೀವು ಹೇಳಿದ್ದಕ್ಕೆ ಪೂರ್ತಿ ಹೊಂದುತ್ತದೆ.

ಆದರೆ ನನಗೆ ಚಿಂತೆ ಆಗಿರುವುದು ಬೇರೆ. ಪ್ಯಾಡ್ ಸವೆದಂತೆ ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಹಳೇ ಪ್ಯಾಡಿನಲ್ಲಿ ಮಟ್ಟ ಕಡಿಮೆ ಇದ್ದರೆ ಅದು ಸಹಜ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳುತ್ತಾರೆ, ಆಯಿಲ್ ಮೇಲೆ ಬರಲೇಬೇಕು. ಎಷ್ಟೋ ಸಲ ತುಂಬಿ ಚೆಲ್ಲುತ್ತದೆ. ನಿಮ್ಮದು ಹೊಸ ಪ್ಯಾಡ್, ಹೊಸ ಲೈನರ್, ಮೇಲಿಂದ ಟಾಪ್ ಅಪ್. ಆದರೂ ಮಟ್ಟ ಕೆಳಗಿದೆ. ಪಿಸ್ಟನ್ ತಳ್ಳುವಾಗ ಏರ್ ನಿಪ್ಪಲ್ (ಲೈನಿನ ಗಾಳಿ ಹೊರಬಿಡುವ ಸಣ್ಣ ತಿರುಪು) ತೆರೆದು ಹಳೇ ಆಯಿಲ್ ಹೊರಗೆ ಬಿಡುವವರು ಇದ್ದಾರೆ. ಅದು ತಪ್ಪಲ್ಲ, ಆಮೇಲೆ ತುಂಬಬೇಕು ಅಷ್ಟೇ. ತುಂಬಿದ್ದು ನಿಜವಾದರೆ ಆಯಿಲ್ ಎಲ್ಲಿಗೋ ಹೋಗುತ್ತಿದೆ.

ಹಿಂದಿನ ಡ್ರಮ್ ಮೇಲೆ ನನ್ನ ಅನುಮಾನ. ಡ್ರಮ್ ಒಳಗೆ ವ್ಹೀಲ್ ಸಿಲಿಂಡರ್ ಇರುತ್ತದೆ. ಹಳೇ ಲೈನರ್ ಸವೆದಾಗ ಅದರ ಪಿಸ್ಟನ್ ಹೊರಭಾಗದಲ್ಲೇ ಆಡುತ್ತಿರುತ್ತದೆ. ವರ್ಷಾನುಗಟ್ಟಲೆ ಆಡದ ಒಳಭಾಗದಲ್ಲಿ ನೀರಿನಂಶಕ್ಕೆ ತುಕ್ಕು, ಕೊಳೆ ಕಟ್ಟುತ್ತದೆ. ಹೊಸ ದಪ್ಪ ಲೈನರ್ ಹಾಕಿದಾಗ ಪಿಸ್ಟನ್ ಅದೇ ತುಕ್ಕಿನ ಜಾಗಕ್ಕೆ ಹೋಗುತ್ತದೆ. ರಬ್ಬರ್ ಕಪ್ ಅಲ್ಲಿ ಉಜ್ಜಿ ಹರಿಯುತ್ತದೆ. ಹಿಂದಿನ ದಿನದವರೆಗೆ ಸೋರದ ಸಿಲಿಂಡರ್ ಲೈನರ್ ಹಾಕಿದ ಮೇಲೆ ಸೋರಲು ಶುರುಮಾಡುತ್ತದೆ. ಇದನ್ನು ನಾನು ಬಹಳ ಗಾಡಿಗಳಲ್ಲಿ ನೋಡಿದ್ದೇನೆ. ಮಿಸ್ತ್ರಿಯ ಕೈತಪ್ಪು ಅಂತ ಹೇಳಲಾಗುವುದಿಲ್ಲ, ಆದರೆ ಡ್ರಮ್ ಮುಚ್ಚುವ ಮೊದಲು ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡುವುದು ಅವನ ಕೆಲಸ.

ಹಿಂದಿನ ಎರಡೂ ಟೈರಿನ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಗಾಡಿ ಕೆಳಗೆ ನುಗ್ಗಬೇಡಿ, ಜಾಕ್ ಮೇಲೆ ನಿಂತ ಗಾಡಿಯ ಕೆಳಗಂತೂ ಬೇಡವೇ ಬೇಡ.

ಸ್ಕ್ಯಾನ್ ಕೆಲಸ, ಆಟೋ ನಗರ

ಫಿಟ್ಟರ್ ಅಣ್ಣ ಹೇಳಿದ್ದು ಸರಿ. ನಾನು ಹಳದಿ ಲೈಟಿನ ಬಗ್ಗೆ ಹೇಳುತ್ತೇನೆ, ದಿನಾ ಇದೇ ಕೆಲಸ.

ನಾಲ್ಕೂ ಗಾಲಿಗೆ ಒಂದೊಂದು ಸ್ಪೀಡ್ ಸೆನ್ಸರ್ ಇರುತ್ತದೆ. ಬೇರಿಂಗಿನ ಅಂಚಿನಲ್ಲಿರುವ ಆಯಸ್ಕಾಂತದ ಉಂಗುರ, ಇಲ್ಲವೇ ಹಲ್ಲಿನ ಉಂಗುರ ತಿರುಗುವುದನ್ನು ಅದು ಓದುತ್ತದೆ. ಮುಂದಿನ ಗಾಲಿಯಲ್ಲಿ ಸೆನ್ಸರ್ ವಾಯರ್ ಬ್ರೇಕ್ ಹೋಸ್ ಪಕ್ಕದಲ್ಲೇ ಸಾಗಿ ಶಾಕ್ ಅಬ್ಸಾರ್ಬರಿನ ಕ್ಲಿಪ್ಪಿಗೆ ಕೂರುತ್ತದೆ. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕೆ ಇಡುವಾಗ ಜಾಗ ಸಾಲದೆ ಕ್ಲಿಪ್ಪಿನಿಂದ ವಾಯರ್ ಬಿಡಿಸುತ್ತಾರೆ. ವಾಪಸ್ ಕೂರಿಸಲು ಮರೆಯುತ್ತಾರೆ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿದಾಗ ವಾಯರ್ ಎಳೆಯುತ್ತದೆ ಅಥವಾ ಟೈರಿಗೆ ತಾಗುತ್ತದೆ. ತಿರುವಿನಲ್ಲಿ ಮಾತ್ರ ಎಬಿಎಸ್ ಲೈಟ್ ಅಂದರೆ ನಾನು ಮೊದಲು ನೋಡುವುದು ಇದನ್ನೇ. ಸ್ಟೇರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟು ಗಾಲಿಯ ಹಿಂದೆ ಟಾರ್ಚ್ ಬಿಡಿ. ಆಮೇಲೆ ಇನ್ನೊಂದು ಬದಿಗೆ ತಿರುಗಿಸಿ ನೋಡಿ.

ಬೇರೆ ಕಾರಣಗಳೂ ಇವೆ. ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಅಂಟುವುದು. ಹಿಂದಿನ ಡ್ರಮ್ ಹೊಡೆದು ಬಿಚ್ಚುವಾಗ ಉಂಗುರಕ್ಕೆ ಪೆಟ್ಟಾಗುವುದು. ಬೇರಿಂಗ್ ಬದಲಿಸಿದ್ದರೆ ಆಯಸ್ಕಾಂತದ ಬದಿ ತಿರುವುಮುರುವಾಗಿ ಕೂರುವುದು. ವಾಯರ್ ಜೋಡಿಸುವ ಕಪ್ಲರ್ ಒಳಗೆ ನೀರು. ವಾಟರ್ ಸರ್ವಿಸ್‌ನಲ್ಲಿ ಜೋರು ಪೈಪ್ ಹಿಡಿದ ಮೇಲೆ ನನ್ನ ಹತ್ತಿರ ಬರುವ ಗಾಡಿಗಳು ಜಾಸ್ತಿ.

ಸ್ಕ್ಯಾನ್ ಮಾಡಿಸುವಾಗ ಒಂದು ಮಾತು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಒಬಿಡಿ ಡಬ್ಬಿಗಳಲ್ಲಿ (ಗಾಡಿಯ ದೋಷದ ಕೋಡ್ ಓದುವವು) ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಅಂದರೆ ಪಿ ಅಕ್ಷರದವು. ಎಬಿಎಸ್ ಕೋಡ್‌ಗಳು ಸಿ ಅಕ್ಷರದವು. ಅವನ್ನು ಓದದ ಡಬ್ಬಿ "ಕೋಡ್ ಇಲ್ಲ" ಅಂದರೆ ಗಾಡಿ ಸರಿ ಇದೆ ಅಂತಲ್ಲ. ಎಬಿಎಸ್ ಒಳಗೆ ಹೋಗುವ ಸ್ಕ್ಯಾನರ್ ಇದೆಯೇ ಅಂತ ಮೊದಲೇ ಕೇಳಿ. ಸಿ0035 ಬಂದರೆ ಎಡ ಮುಂದಿನ ಗಾಲಿ, ಸಿ0040 ಬಂದರೆ ಬಲ ಮುಂದಿನದು. ಕಂಪನಿಗಳು ತಮ್ಮದೇ ನಂಬರ್ ಕೊಡುವುದೂ ಇದೆ. ಕೋಡ್ ಅಳಿಸುವ ಮುಂಚೆ ಸ್ಕ್ರೀನಿನ ಫೋಟೋ ತೆಗೆಸಿಕೊಳ್ಳಿ.

ಕೋಡ್ ನೋಡಿ ನೇರ ಸೆನ್ಸರ್ ಬದಲಿಸಬೇಡಿ. ಕೋಡ್ ಹೇಳುವುದು ಯಾವ ಗಾಲಿಯ ಲೈನಿನಲ್ಲಿ ತೊಂದರೆ ಅಂತ. ಸೆನ್ಸರೋ, ವಾಯರೋ, ಕಪ್ಲರೋ, ಉಂಗುರವೋ ಅನ್ನುವುದನ್ನು ಕೈಯಿಟ್ಟೇ ನೋಡಬೇಕು.

ವಿಜಯಪುರದ ಟೀಚರ್

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಲಿವರ್ ಇಲ್ಲ, ಬಟನ್ ಇದೆ. ಇಲ್ಲಿ ಸೋಲಾಪುರ ರಸ್ತೆಯ ಒಂದು ಗ್ಯಾರೇಜಿನಲ್ಲಿ ಹಿಂದಿನ ಪ್ಯಾಡ್ ಹಾಕಿಸಿದೆ. ಅಂದಿನಿಂದ ಪಾರ್ಕಿಂಗ್ ಬ್ರೇಕಿನ ಹಳದಿ ಲೈಟ್ ಹೋಗುತ್ತಿಲ್ಲ. ಬಟನ್ ಎತ್ತಿದರೆ ಹಿಂದಿನಿಂದ ಗರ್ ಅಂತ ಉದ್ದನೆಯ ಶಬ್ದ. ಇದೂ ಸೆನ್ಸರಾ?

ಸ್ಕ್ಯಾನ್ ಕೆಲಸ, ಆಟೋ ನಗರ

ಮೇಡಂ, ನಿಮ್ಮದು ಬೇರೆ. ಬಟನ್ ಇರುವ ಕಾರಿನಲ್ಲಿ ಹಿಂದಿನ ಕ್ಯಾಲಿಪರಿಗೆ ಸಣ್ಣ ಮೋಟಾರ್ ಕೂತಿರುತ್ತದೆ. ಪ್ಯಾಡ್ ಬದಲಿಸುವ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ ಆ ಮೋಟಾರನ್ನು ಪೂರ್ತಿ ಹಿಂದಕ್ಕೆ ತರಬೇಕು. ಕೆಲವು ಕಾರಿನಲ್ಲಿ ಬಟನ್ ಮತ್ತು ಪೆಡಲ್‌ನಿಂದಲೇ ಆಗುತ್ತದೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಹಾಗೆ ಮಾಡದೆ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಸ್ಕ್ರೂ, ಗೇರ್ ಹಾಳಾಗಬಹುದು. ಸರಿಯಾಗಿ ಮಾಡಿದ್ದರೂ ಕೆಲಸ ಮುಗಿದ ಮೇಲೆ ಸರ್ವಿಸ್ ಮೋಡ್‌ನಿಂದ ಹೊರಗೆ ತಂದು ಹೊಸ ಪ್ಯಾಡಿನ ದಪ್ಪ ಕಲಿಸಬೇಕು. ಅದು ಬಾಕಿ ಉಳಿದಿದ್ದರೂ ಲೈಟ್ ಹೋಗುವುದಿಲ್ಲ.

ಮೊದಲು ಸ್ಕ್ಯಾನರ್ ಇರುವವರ ಹತ್ತಿರ ಹೋಗಿ ಕ್ಯಾಲಿಬ್ರೇಷನ್ ಮಾಡಿಸಿ. ಅಲ್ಲಿಯವರೆಗೆ ಇಳಿಜಾರಿನಲ್ಲಿ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಗೇರ್ ಹಾಕಿ, ಗಾಲಿಗೆ ಕಲ್ಲು ಕೊಡಿ. ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ ಇಡಿ.

ನವನಗರ, ಬಾಗಲಕೋಟೆ

ಟರ್ಮಿನಲ್ ತೆಗೆಯುವ ಮಾತು ಮೇಲೆ ಬಂದಿತ್ತಲ್ಲ, ಅದಕ್ಕೆ ಸೇರಿಸುತ್ತೇನೆ. ನಮ್ಮ ಗಾಡಿಯ ಬ್ಯಾಟರಿ ಬದಲಿಸಿದ ಮೇಲೆ ಜಾರುವ ಕಾರಿನ ಚಿತ್ರದ ಲೈಟ್ ಹತ್ತಿ ನಿಂತಿತು. ಅದು ಇಎಸ್‌ಸಿ ಲೈಟ್, ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆಯದು. ಕರೆಂಟ್ ಹೋದಾಗ ಸ್ಟೇರಿಂಗ್ ಎಷ್ಟು ತಿರುಗಿದೆ ಅನ್ನುವ ಲೆಕ್ಕ ತಪ್ಪಿರುತ್ತದಂತೆ. ಸ್ಟೇರಿಂಗ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ಸ್ವಲ್ಪ ನೇರ ಓಡಿಸಿದ ಮೇಲೆ ಆರಿತು. ಅಂದರೆ ಟರ್ಮಿನಲ್ ತೆಗೆದರೆ ಇರುವ ಲೈಟಿನ ಜೊತೆ ಇನ್ನೊಂದು ಬಂದು ಕೂರಬಹುದು. ಗಾಬರಿ ದುಪ್ಪಟ್ಟು.

ಇನ್ನೊಂದು, ಬ್ರೇಕ್ ಕೆಲಸದ ದಿನ ಬಾಗಿಲು ತೆರೆದಿಟ್ಟು, ಕೀ ಆನ್ ಇಟ್ಟು ಗಂಟೆಗಟ್ಟಲೆ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ವೋಲ್ಟೇಜ್ ಕಡಿಮೆ ಆದರೂ ಎಬಿಎಸ್ ಲೈಟ್ ಬರುತ್ತದೆ. ಹಳೇ ಬ್ಯಾಟರಿ ಇದ್ದವರು ಅದನ್ನೂ ನೋಡಿಸಿ.

ಟಿಳಕವಾಡಿ ಸವಾರ

ಇವತ್ತು ಬೆಳಿಗ್ಗೆ ಬಿಸಿಲಿಗೆ ಗಾಡಿ ನಿಲ್ಲಿಸಿ ನೋಡಿದೆ. ಕಂಡದ್ದನ್ನು ಹಾಗೇ ಬರೆಯುತ್ತೇನೆ.

ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಎಡ ಮುಂದಿನ ಗಾಲಿಯ ಹಿಂದೆ ಟಾರ್ಚ್ ಬಿಟ್ಟೆ. ಶಾಕ್ ಅಬ್ಸಾರ್ಬರಿಗೆ ಒಂದು ತಗಡಿನ ಕೊಕ್ಕೆ ಇದೆ. ಅದರಲ್ಲಿ ಕೂರಬೇಕಾದ ದಪ್ಪ ರಬ್ಬರ್ ಗುಂಡು ಹೊರಗೆ ನೇತಾಡುತ್ತಿದೆ. ಅದರ ಕೆಳಗಿನ ಕಪ್ಪು ವಾಯರ್ ಬಿಗಿಯಾಗಿ ಎಳೆದು ನಿಂತಿತ್ತು. ಒಂದು ಕಡೆ ಟೈರಿಗೆ ಉಜ್ಜಿ ಮೇಲಿನ ಸಿಪ್ಪೆ ಹೋಗಿದೆ, ಒಳಗಿನ ಬಿಳಿ ಎಳೆ ಕಾಣುತ್ತದೆ. ಬಲಗಡೆಯ ಗಾಲಿ ನೋಡಿದರೆ ಅದೇ ಗುಂಡು ಕೊಕ್ಕೆಯೊಳಗೆ ಅಚ್ಚುಕಟ್ಟಾಗಿ ಕೂತಿದೆ. ಎರಡನ್ನೂ ಪಕ್ಕಪಕ್ಕ ಫೋಟೋ ತೆಗೆದಿದ್ದೇನೆ.

ಹಿಂದೆ ಎಡ ಟೈರ್ ಒಣಗಿದೆ. ಬಲ ಟೈರಿನ ಒಳಬದಿಯಲ್ಲಿ ಡ್ರಮ್ ಪ್ಲೇಟಿನ ಕೆಳಗಿನಿಂದ ಒಂದು ಒದ್ದೆ ಗೆರೆ ಇಳಿದಿದೆ. ರಸ್ತೆಯ ಧೂಳೆಲ್ಲ ಅದಕ್ಕೇ ಅಂಟಿದೆ. ಬೆರಳಿಗೆ ಜಿಗುಟಾಗಿ ಹತ್ತಿತು, ನೀರಲ್ಲ.

ಫಿಟ್ಟರ್ ಅಣ್ಣಾ, ಆಟೋ ನಗರದ ಅಣ್ಣಾ, ಇಬ್ಬರೂ ಗಾಡಿ ನೋಡದೇ ಹೇಳಿದಿರಿ. ಈಗ ಇದನ್ನು ಅದೇ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದಾ?

ಹಳೇ ಫಿಟ್ಟರ್, ಉದ್ಯಮಬಾಗ್

ಬೇಡ. ಮಿಸ್ತ್ರಿಯನ್ನೇ ಮನೆಗೆ ಕರೆಸಿ, ಇಲ್ಲ ಟೋ ಮಾಡಿಸಿ. ನಿಮ್ಮಂಥ ಮುಂದಿನ ಗಾಲಿಯಿಂದ ಎಳೆಯುವ ಕಾರುಗಳಲ್ಲಿ ಬ್ರೇಕ್ ಲೈನ್ ಸಾಮಾನ್ಯವಾಗಿ ಎರಡು ಪಾಲು, ಮೂಲೆಗೆ ಮೂಲೆ. ಎಡ ಮುಂದೆ ಮತ್ತು ಬಲ ಹಿಂದೆ ಒಂದು ಪಾಲು, ಬಲ ಮುಂದೆ ಮತ್ತು ಎಡ ಹಿಂದೆ ಇನ್ನೊಂದು. ಒಂದು ಪಾಲು ಖಾಲಿಯಾದರೆ ಇನ್ನೊಂದರಿಂದ ಗಾಡಿ ನಿಲ್ಲುತ್ತದೆ, ಆದರೆ ಅರ್ಧ ಬಲದಲ್ಲಿ, ಪೆಡಲ್ ಬಹಳ ಕೆಳಗೆ ಹೋಗಿ. ಚೆನ್ನಮ್ಮ ವೃತ್ತದ ಸಂಜೆಯ ಗದ್ದಲದಲ್ಲಿ ಅದನ್ನು ಪರೀಕ್ಷೆ ಮಾಡಬೇಡಿ.

ಡಬ್ಬಿ ಪೂರ್ತಿ ಖಾಲಿ ಆಗಲು ಬಿಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಖಾಲಿಯಾಗಿ ಎಬಿಎಸ್ ಪಂಪಿನೊಳಗೆ ಗಾಳಿ ಹೋದರೆ ಮಾಮೂಲಿ ಏರ್ ತೆಗೆದರೆ ಸಾಲದು. ಸ್ಕ್ಯಾನರ್‌ನಿಂದ ಪಂಪ್ ಓಡಿಸುತ್ತಾ ತೆಗೆಯಬೇಕಾಗುತ್ತದೆ. ಈಗ ಸಿಕ್ಕಿಕೊಂಡರೆ ಸಣ್ಣ ಕೆಲಸ.

ಅನಗೋಳದ ಗೆಳೆಯ

ಟರ್ಮಿನಲ್ ತೆಗೆದಿದ್ದರೆ ಸೋರುವುದು ಸೋರುತ್ತಲೇ ಇರುತ್ತಿತ್ತು. ಇಷ್ಟು ವಿವರ ಗೊತ್ತಿರಲಿಲ್ಲ. ಒಂದು ಪ್ರಶ್ನೆ: ದಾರಿಯಲ್ಲಿ ಹೀಗಾದರೆ ತಾತ್ಪೂರ್ತಿಕ ಪವರ್ ಸ್ಟೇರಿಂಗ್ ಆಯಿಲ್ ಹಾಕಬಹುದಾ? ಎರಡೂ ಹೈಡ್ರಾಲಿಕ್ ಅಲ್ವಾ?

ಹಳೇ ಫಿಟ್ಟರ್, ಉದ್ಯಮಬಾಗ್

ಯಾವ ಕಾರಣಕ್ಕೂ ಬೇಡ. ಬ್ರೇಕಿನ ರಬ್ಬರ್‌ಗಳು ಗ್ಲೈಕಾಲ್ ಆಯಿಲಿಗೆ ಮಾಡಿದ್ದು. ಪವರ್ ಸ್ಟೇರಿಂಗ್ ಆಯಿಲ್, ಎಂಜಿನ್ ಆಯಿಲ್ ಪೆಟ್ರೋಲಿಯಂನವು, ರಬ್ಬರ್ ಉಬ್ಬಿ ಹಾಳಾಗುತ್ತದೆ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್, ಹೋಸ್, ಎಬಿಎಸ್ ಘಟಕ ಎಲ್ಲ ಬದಲಿಸುವ ಖರ್ಚು ತಲೆ ಮೇಲೆ ಬರುತ್ತದೆ.

ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ, ಡಾಟ್ 3 ಅಥವಾ ಡಾಟ್ 4. ಹೊಸದಾಗಿ ಒಡೆದ ಡಬ್ಬಿ ಆಗಿರಲಿ. ಈ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲಿನ ಕನಿಷ್ಠ ಮಿತಿ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಘಾಟ್ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ಕ್ಯಾಲಿಪರ್ ಕಾಯುತ್ತದೆ, ಹಳೇ ಆಯಿಲ್ ಕುದಿದು ಗುಳ್ಳೆ ಆಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಬೆಳಗಾವಿ, ಖಾನಾಪುರದ ಮಳೆಗಾಲದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸವಾರ ಸರ್ ಗಾಡಿಯ ಆಯಿಲ್ ಚಹಾ ಬಣ್ಣ ಅಂದರೆ ಬದಲಿಸದೆ ಬಹಳ ದಿನ ಆಗಿದೆ. ಸಿಲಿಂಡರ್ ತುಕ್ಕು ಹಿಡಿಯಲೂ ಇದೇ ಮೂಲ.

ಡಾಟ್ 5 ಅಂತ ಒಂದು ಬರುತ್ತದೆ, ಅದು ಸಿಲಿಕಾನ್. ನಂಬರ್ ದೊಡ್ಡದು ಅಂತ ಹಾಕಬೇಡಿ, ಇದಕ್ಕೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲಿನದ್ದೇ.

ಆಯಿಲ್ ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಬಟ್ಟೆಯಿಂದ ತಿಕ್ಕಿದರೆ ಬಣ್ಣವೂ ಜೊತೆಗೆ ಬರುತ್ತದೆ.

ಟಿಳಕವಾಡಿ ಸವಾರ

ಗ್ಯಾರೇಜಿನ ಹಿರಿಯ ಮಿಸ್ತ್ರಿ ಮನೆಗೇ ಬಂದರು. ಮೊದಲು ಸ್ವಲ್ಪ ವಾದ ಆಯಿತು. ಫೋಟೋ ತೋರಿಸಿದ ಮೇಲೆ ಮಾತು ಬಿಟ್ಟು ಜಾಕ್ ಹಚ್ಚಿದರು.

ಬಲ ಹಿಂದಿನ ಡ್ರಮ್ ತೆಗೆದಾಗ ಲೈನರ್ ಕೆಳಭಾಗ ಒದ್ದೆಯಾಗಿ ಹೊಳೆಯುತ್ತಿತ್ತು. ಸಿಲಿಂಡರಿನ ಬೂಟ್ ಎತ್ತಿದರೆ ಒಳಗಿನಿಂದ ಆಯಿಲ್ ಜಾರಿ ಅವರ ಮಣಿಕಟ್ಟಿಗೆ ಇಳಿಯಿತು. ಅವರೇ "ಇದು ಸಿಲಿಂಡರ್ ಹೋಗೇತಿ" ಅಂದರು. ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಸ್ಯಾಂಡ್‌ಪೇಪರ್ ಹೊಡೆದು ಹಾಕುತ್ತೇನೆ ಅನ್ನುತ್ತಿದ್ದಾರೆ, ಹೊಸದಲ್ಲವೇ ಅಂತ. ಏನು ಹೇಳಲಿ? ಅವರು ಚಹಾ ಕುಡಿಯುತ್ತಿದ್ದಾರೆ, ಬೇಗ ಹೇಳಿ.

ಹಳೇ ಫಿಟ್ಟರ್, ಉದ್ಯಮಬಾಗ್

ಲೈನರ್ ಹೊಸದೇ ಹಾಕಿಸಿ. ಒಳಗೆ ಹೀರಿದ ಆಯಿಲ್ ಪೂರ್ತಿ ಹೋಗುವುದಿಲ್ಲ. ಬಿಸಿ ಆದಾಗ ಮೇಲೆ ಬಂದು ಆ ಗಾಲಿ ಹಿಡಿಯದ ಹಾಗೆ ಆಗುತ್ತದೆ, ಇಲ್ಲವೇ ಕಚ್ಚಿಕೊಳ್ಳುತ್ತದೆ. ಎರಡೂ ಬದಿಯ ಸೆಟ್ ಒಟ್ಟಿಗೇ ಹಾಕಿಸಿ, ಒಂದು ಬದಿ ಮಾತ್ರ ಬೇಡ. ಸಿಲಿಂಡರ್ ಕೂಡ ಎರಡೂ ಬದಿ. ಎಡಗಡೆಯದೂ ಅಷ್ಟೇ ವಯಸ್ಸಿನದು, ಅದೂ ಅದೇ ತುಕ್ಕಿನ ಜಾಗಕ್ಕೆ ಹೋಗಿ ಕೂತಿದೆ. ಡ್ರಮ್ ಒಳಗೆ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ. ಆಮೇಲೆ ಪೂರ್ತಿ ಆಯಿಲ್ ಬದಲಿಸಿ ನಾಲ್ಕೂ ಗಾಲಿಯ ಏರ್ ತೆಗೆಯಲಿ. ಏರ್ ತೆಗೆಯುವಾಗ ಡಬ್ಬಿ ಖಾಲಿ ಆಗದಂತೆ ಒಬ್ಬರು ನೋಡುತ್ತಾ ನಿಲ್ಲಬೇಕು.

ಸ್ಕ್ಯಾನ್ ಕೆಲಸ, ಆಟೋ ನಗರ

ವಾಯರಿಗೆ ಟೇಪ್ ಸುತ್ತಿ ಬಿಡಲು ಒಪ್ಪಬೇಡಿ. ಒಳಗಿನ ಎಳೆ ಅರ್ಧ ತುಂಡಾಗಿದ್ದರೆ ಟೇಪ್ ಅಡಿಯಲ್ಲೇ ತೊಂದರೆ ಮುಂದುವರಿಯುತ್ತದೆ, ಮಳೆಗೆ ನೀರೂ ಇಳಿಯುತ್ತದೆ. ಅದು ಸ್ಟೇರಿಂಗ್ ಜೊತೆ ದಿನವಿಡೀ ಬಾಗುವ ಜಾಗ. ವಾಯರ್ ಸಮೇತ ಸೆನ್ಸರ್ ಸಿಗುತ್ತದೆ, ಅದನ್ನೇ ಹಾಕಿ. ಹಾಕುವ ಮೊದಲು ಕೂರುವ ತೂತಿನ ತುಕ್ಕು ಕೆರೆದು ತೆಗೆಯಲಿ. ಸೆನ್ಸರ್ ಎತ್ತರದಲ್ಲಿ ಕೂತರೆ ಉಂಗುರದಿಂದ ದೂರವಾಗಿ ಸಿಗ್ನಲ್ ಸಾಲುವುದಿಲ್ಲ.

ಟಿಳಕವಾಡಿ ಸವಾರ

ತಡವಾಗಿ ಬರೆಯುತ್ತಿದ್ದೇನೆ. ನೀವು ಹೇಳಿದ್ದನ್ನೆಲ್ಲ ಮಾಡಿಸಿದೆ. ಲೈನರ್ ಮತ್ತು ಸೆನ್ಸರ್ ಖರ್ಚು ಗ್ಯಾರೇಜಿನವರು ತಮ್ಮ ಮೇಲೆ ಹಾಕಿಕೊಂಡರು. ಸಿಲಿಂಡರ್, ಆಯಿಲ್ ದುಡ್ಡು ನಾನು ಕೊಟ್ಟೆ. ಅದು ನ್ಯಾಯ ಅಂತಲೇ ನನಗೆ ಅನಿಸಿತು, ಸಿಲಿಂಡರ್ ಹಳೆಯದಾಗಿದ್ದಕ್ಕೆ ಅವರೇನು ಮಾಡುತ್ತಾರೆ. ಆದರೆ ಆ ರಬ್ಬರ್ ಗುಂಡು ಕೊಕ್ಕೆಗೆ ಕೂರಿಸಲು ಒಂದು ನಿಮಿಷವೂ ಬೇಕಿರಲಿಲ್ಲ. ಅದನ್ನು ಅವರ ಮುಂದೆ ನೇರವಾಗಿ ಹೇಳಿದೆ.

ಆಮೇಲೆ ಆಟೋ ನಗರದಲ್ಲಿ ಸ್ಕ್ಯಾನ್ ಹಚ್ಚಿಸಿದೆ. ಹಳೇ ಕೋಡ್ ಎಡ ಮುಂದಿನ ಗಾಲಿಯದ್ದೇ ಇತ್ತು. ಅಳಿಸಿದ ಮೇಲೆ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಒಬ್ಬರು ಕೂತರು, ನಾನು ಓಡಿಸಿದೆ. ಗಂಟೆಗೆ 20 ಕಿಲೋಮೀಟರಿನಲ್ಲಿ ನಾಲ್ಕೂ ಗಾಲಿಯ ಅಂಕಿ ಹೆಚ್ಚುಕಡಿಮೆ ಒಂದೇ ಇದ್ದವು. ಖಾಲಿ ಜಾಗದಲ್ಲಿ ಸ್ಟೇರಿಂಗ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ಸುತ್ತು ಹೊಡೆದೆ. ಒಳಗಿನ ಮತ್ತು ಹೊರಗಿನ ಗಾಲಿಗೆ ಸ್ವಲ್ಪ ವ್ಯತ್ಯಾಸ, ಅಷ್ಟೇ. ಯಾವುದೂ ಸೊನ್ನೆಗೆ ಬೀಳಲಿಲ್ಲ. ಲೈಟ್ ಬರಲಿಲ್ಲ.

ಪೆಡಲ್ ಈಗ ಮೇಲೇ ನಿಲ್ಲುತ್ತದೆ, ಗಟ್ಟಿ ಇದೆ. ಗೋವಾ ಪ್ರಯಾಣ ಮುಂದೆ ಹಾಕಿದೆವು.

ವಿಜಯಪುರದ ಟೀಚರ್

ನನ್ನದೂ ಪರಿಹಾರ ಆಯಿತು. ಸರ್ವಿಸ್ ಮೋಡ್‌ನಲ್ಲೇ ಇತ್ತಂತೆ. ಕ್ಯಾಲಿಬ್ರೇಷನ್ ಮಾಡಿದ ಮೇಲೆ ಲೈಟ್ ಹೋಯಿತು, ಶಬ್ದವೂ ಚಿಕ್ಕದಾಯಿತು. ಗೇರ್ ಹಾಳಾಗಿಲ್ಲ ಅಂತ ಕ್ಯಾಲಿಪರ್ ಬಿಚ್ಚಿ ತೋರಿಸಿದರು. ಆಟೋ ನಗರದ ಅಣ್ಣನಿಗೆ ಧನ್ಯವಾದ.

ಜಾಂಬೋಟಿ ರಸ್ತೆ

ಸವಾರ ಸರ್, ಹೊಸ ಲೈನರ್ ಡ್ರಮ್‌ಗೆ ಹೊಂದಿಕೊಳ್ಳುವವರೆಗೆ ಸಾಧಾರಣ ಬ್ರೇಕಿನಲ್ಲೇ ಓಡಿಸಿ, ಊರಲ್ಲಿ ಸ್ವಲ್ಪ ದಿನ. ಘಾಟ್ ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತಕ್ಕೆ ಬಿಡಿ. ಮಂಜು ಕಡಿಮೆ ಆದ ಮೇಲೆ ಬನ್ನಿ, ರಸ್ತೆ ಚೆನ್ನಾಗಿರುತ್ತದೆ.

ಹಳೇ ಫಿಟ್ಟರ್, ಉದ್ಯಮಬಾಗ್

ಒಂದು ಕೆಲಸ ಉಳಿದಿದೆ. ಇವತ್ತು ಆಯಿಲ್ ಮಟ್ಟ ಎಲ್ಲಿದೆಯೋ ಅಲ್ಲಿ ಡಬ್ಬಿ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ. ವಾರ ಬಿಟ್ಟು, ಅದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ಹಿಂದಿನ ಎರಡೂ ಟೈರಿನ ಒಳಬದಿಯನ್ನೂ ನೋಡಿ. ಎರಡೂ ಸರಿ ಇದ್ದರೆ ಈ ಚರ್ಚೆ ಮುಗಿಸಬಹುದು.

ಟಿಳಕವಾಡಿ ಸವಾರ

ವಾರ ಬಿಟ್ಟು ನೋಡಿದೆ ಅಣ್ಣಾ. ಆಯಿಲ್ ಮಾರ್ಕರ್ ಗೆರೆಯ ಮೇಲೇ ಇದೆ. ಹಿಂದಿನ ಟೈರುಗಳು ಒಣಗಿವೆ. ಮೂರನೇ ಗೇಟ್ ಬ್ರಿಡ್ಜ್ ಮೇಲಿಂದ ಬ್ರೇಕ್ ಹಿಡಿದು ಇಳಿದರೂ ಮೀಟರಿನಲ್ಲಿ ಯಾವ ಲೈಟೂ ಇಲ್ಲ.